ಸ್ಟೋರಣ್ಣನ ರಿಂಗ್‌ಟೋನ್

ನೀರಿನ ಮೀಟರ್ ದುರಸ್ತಿ ಮಾಡುವ ಆ ವರ್ಕ್‌ಶಾಪಿನಲ್ಲಿ ಎಲ್ಲರ ಫೋನೂ ಒಂದೇ ರಾಗದಲ್ಲಿ ಬಡಿದುಕೊಳ್ಳುತ್ತಿತ್ತು. ಯಾರದೋ ಒಂದು ಫೋನು ಬಾಯಿಬಿಟ್ಟರೆ ಸಾಕು, ಊಟದ ಡಬ್ಬಿ ಬಿಚ್ಚಿ ಕೂತಿದ್ದವರೆಲ್ಲ ಒಟ್ಟಿಗೇ ಜೇಬು ತಡಕುತ್ತಿದ್ದರು. ಎಲ್ಲರಿಗಿಂತ ಮೊದಲು ತಡಕುತ್ತಿದ್ದವನು ಸ್ಟೋರಣ್ಣ. ಕರೆ ಮಾತ್ರ ಅವನಿಗೆ ಬಂದದ್ದು ಅಪರೂಪ.

ಸ್ಟೋರಣ್ಣ ಎಂದರೆ ಅಲ್ಲಿಯ ಸ್ಟೋರಿನ ಗುಮಾಸ್ತ. ವಾಷರ್ ಕೇಳಿದವರಿಗೆ ಸ್ಪ್ರಿಂಗ್ ಕೊಟ್ಟು, ಸ್ಪ್ರಿಂಗ್ ಕೇಳಿದವರಿಗೆ ‘ನಾಳೆ ಬಾ’ ಎಂದು ಕಳಿಸುವ ಮನುಷ್ಯ. ಆದರೆ ಅವನ ಗಂಟಲಿಗೆ ಮಾತ್ರ ಒಂದು ಘನತೆಯಿತ್ತು. ಆ ಗಂಟಲಿನಲ್ಲಿ ‘ಬೋಲ್ಟು ಖಾಲಿಯಾಗಿದೆ’ ಎಂದರೂ ದೇಶಕ್ಕೇ ಏನೋ ಆಗಿಹೋಯಿತು ಎನ್ನಿಸುತ್ತಿತ್ತು. ಹಾಗಾಗಿ ವರ್ಕ್‌ಶಾಪಿನವರು ಯಾರು ತೀರಿಕೊಂಡರೂ ಸಂತಾಪ ಸಭೆಯಲ್ಲಿ ಎರಡು ಮಾತನಾಡುವ ಕೆಲಸ ಅವನದಾಗಿತ್ತು. ಬದುಕಿದ್ದವರ ಬಗ್ಗೆ ಮಾತನಾಡಲು ಅವನನ್ನು ಯಾರೂ ಕರೆದಿರಲಿಲ್ಲ.

ಒಂದು ಭಾನುವಾರ ಅವನ ಹೆಂಡತಿಯ ತಮ್ಮ ಮನೆಗೆ ಬಂದ. ಕೂತು ಕಾಫಿ ಕುಡಿಯುತ್ತಿದ್ದಾಗ ಅವನ ಜೇಬಿನೊಳಗಿಂದ ಪುಟ್ಟ ಮಗುವೊಂದು ಕಿಲಕಿಲ ನಕ್ಕಿತು. ಅದು ಅವನ ಮಗಳ ನಗು. ರೆಕಾರ್ಡ್ ಮಾಡಿ ರಿಂಗ್‌ಟೋನ್ ಮಾಡಿಕೊಂಡಿದ್ದ. ಸ್ಟೋರಣ್ಣನ ಹೆಂಡತಿ ಎರಡು ಕೈಯನ್ನೂ ಕೆನ್ನೆಗಿಟ್ಟುಕೊಂಡು ಕರಗಿ ನೀರಾದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಸ್ಟೋರಣ್ಣನ ಯಾವ ಶಬ್ದಕ್ಕೂ ಅವಳು ಹಾಗೆ ಕರಗಿರಲಿಲ್ಲ.

“ನನಗೂ ಒಂದು ಹಾಕಿಕೊಡಯ್ಯ,” ಎಂದ ಸ್ಟೋರಣ್ಣ, ಸುಮ್ಮನೆ ಕೇಳಿದವನ ಹಾಗೆ.

“ಅದೇನು ಮಹಾ, ಭಾವ. ಪಿಟೀಲಿನದು ಒಂದು ಚೆನ್ನಾಗಿರೋದು ಕಳಿಸ್ತೀನಿ. ಸೆಟ್ಟಿಂಗ್ಸಿಗೆ ಹೋಗಿ, ಅಲ್ಲಿ ಸೌಂಡು, ಅದರಲ್ಲಿ ರಿಂಗ್‌ಟೋನು. ಆಮೇಲೆ ಫೋನಿನಲ್ಲಿರೋ ಫೈಲುಗಳು ಅಂತ ತೋರಿಸುತ್ತೆ. ಎಲ್ಲಕ್ಕಿಂತ ಮೇಲಿರೋದನ್ನ ಒತ್ತಿಬಿಡಿ. ಕೊನೆಗೆ ಬಂದಿದ್ದೇ ಮೇಲಿರುತ್ತೆ.”

ಭಾವಮೈದುನ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಪಿಟೀಲು ಆ ದಿನವೇ ಬಂತು. ಆದರೆ ಅದು ಬಂದ ಮೇಲೆ ಸ್ಟೋರಣ್ಣ ಫೋನಿಗೆ ಇನ್ನೊಂದು ಫೈಲು ತುಂಬಿದ್ದ.

ಅದರ ಕಥೆ ಹೀಗೆ. ವರ್ಕ್‌ಶಾಪಿನ ಫೋರ್‌ಮನ್ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ದರು. ಅವರು ಬಲು ಬಿಗಿ ಮನುಷ್ಯ. ಸೂಪರಿಂಟೆಂಡೆಂಟರು ಒಂದು ದಿನ ಸ್ಟೋರಣ್ಣನನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, “ನೋಡಪ್ಪ, ಇದು ನಮ್ಮಿಬ್ಬರಲ್ಲೇ ಇರಲಿ. ಡಾಕ್ಟರು ಕೈ ಚೆಲ್ಲಿದಾರೆ. ಎರಡು ಮೂರು ದಿನ ಅಂತೆ. ಅವರಿಗೆ ಹೇಳಿಲ್ಲ, ಹೇಳೋದೂ ಬೇಡ ಅಂತ ಮನೆಯವರು ಕೇಳ್ಕೊಂಡಿದಾರೆ. ನೀನು ಎರಡು ಮಾತು ತಯಾರು ಮಾಡಿಟ್ಟುಕೋ. ಆಮೇಲೆ ಗಡಿಬಿಡಿ ಆಗೋದು ಬೇಡ,” ಎಂದಿದ್ದರು. ಎರಡು ಮೂರು ದಿನ ಹೋಗಿ ವಾರವಾಯಿತು. ಫೋರ್‌ಮನ್ ಹೋಗಲಿಲ್ಲ. ಸ್ಟೋರಣ್ಣ ಮಾತ್ರ ಭಾಷಣವನ್ನು ತಿದ್ದಿ ತೀಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಕೇಳಿ ಮತ್ತೆ ಮಾಡಿ, ಭಾನುವಾರ ಸಂಜೆಯ ಹೊತ್ತಿಗೆ ಅದನ್ನು ಒಂದು ಹದಕ್ಕೆ ತಂದಿದ್ದ. ಆಮೇಲೆ ಸೆಟ್ಟಿಂಗ್ಸಿಗೆ ಹೋಗಿ ಎಲ್ಲಕ್ಕಿಂತ ಮೇಲಿದ್ದ ಫೈಲನ್ನು ಒತ್ತಿದ.

ಪರೀಕ್ಷೆ ಮಾಡಿ ನೋಡಲಿಲ್ಲ ಎಂದು ಅವನನ್ನು ದೂರುವ ಹಾಗಿಲ್ಲ. ತನ್ನ ಫೋನಿನಿಂದ ತನ್ನ ನಂಬರಿಗೇ ಕರೆ ಮಾಡಿದ್ದ. ‘ಅವರು ಬೇರೆ ಕರೆಯಲ್ಲಿದ್ದಾರೆ’ ಎಂದಿತು. ತನ್ನ ಫೋನಿಗೆ ಇಷ್ಟು ಹೊತ್ತಿಗೆ ಯಾರು ಮಾಡಿದರಪ್ಪ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಸೋಮವಾರ ಅವನಿಗೆ ಮಧ್ಯಾಹ್ನದ ಪಾಳಿ. ಹೆಂಡತಿ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಬೆಳಿಗ್ಗೆಯೇ ಹೊರಟಳು. “ಟೀಗೆ ಬಿಟ್ಟಾಗ ನನಗೊಂದು ಫೋನ್ ಹಾಕು. ಏನು ಎತ್ತ ಕೇಳಬೇಡ,” ಎಂದು ಅವಳಿಗೆ ಹೇಳಿದ. ಫೋನನ್ನು ಅಡುಗೆಮನೆಯ ಕಿಟಕಿಯಲ್ಲಿ ಚಾರ್ಜಿಗಿಟ್ಟು ಶಬ್ದವನ್ನು ಕೊನೆಯವರೆಗೆ ಏರಿಸಿದ. ಪಿಟೀಲಿನ ಫೋನು ಜೇಬಿನಲ್ಲಿರುವಾಗ ಮುಖವೂ ಅದಕ್ಕೆ ಸರಿಯಾಗಿರಬೇಕಲ್ಲ. ಬಾಗಿಲೆಳೆದುಕೊಂಡು ಕ್ಷೌರದಂಗಡಿಗೆ ನಡೆದ. ಫೋನು ಕಿಟಕಿಯಲ್ಲೇ ಉಳಿಯಿತು.

ಆ ಕಿಟಕಿ ತೆರೆಯುವುದು ಬಿಲ್ಡಿಂಗಿನ ಮೆಟ್ಟಿಲಿನ ಕಡೆಗೆ. ಯಾರ ಮನೆಯ ಒಗ್ಗರಣೆಗೆ ಯಾರ ಮನೆಯವರೋ ಸೀನುವಷ್ಟು ಇಕ್ಕಟ್ಟು. ಟೀ ಹೊತ್ತಿಗೆ ಹೆಂಡತಿ ಫೋನು ಮಾಡಿದಳು. ಖಾಲಿ ಮನೆಯಿಂದ ಸ್ಟೋರಣ್ಣನ ಗಂಟಲು ಎದ್ದಿತು.

“ಬಂಧುಗಳೇ, ಭಾರವಾದ ಹೃದಯದಿಂದ ನಿಮ್ಮ ಮುಂದೆ ನಿಂತಿದ್ದೇನೆ. ನಮ್ಮ ವರ್ಕ್‌ಶಾಪಿನ ಬೆನ್ನೆಲುಬಾದ ಫೋರ್‌ಮನ್ ಸಾಹೇಬರು ಇನ್ನಿಲ್ಲ. ಇವರು ಉಳಿಯುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರೂ ಆ ಧೀರ ಜೀವ ನಗುನಗುತ್ತಲೇ...”

ಕೆಳಗಿನ ಮನೆಯಲ್ಲಿ ಟೈಲರಮ್ಮ ಹೊಲಿಗೆ ಮಷೀನಿನ ಗಾಲಿ ಹಿಡಿದು ನಿಲ್ಲಿಸಿದಳು. ವರ್ಕ್‌ಶಾಪಿನವರ ನೀಲಿ ಸಮವಸ್ತ್ರ ಹೊಲಿಯುತ್ತಿದ್ದವಳು ಅವಳೇ. ಫೋರ್‌ಮನ್ನರ ಎದೆಯ ಅಳತೆ ವರ್ಷ ವರ್ಷ ಕಡಿಮೆಯಾದದ್ದನ್ನು ಟೇಪು ಹಿಡಿದು ಕಂಡವಳು. ಮೇಲೆ ಬಂದು ನೋಡಿದರೆ ಬಾಗಿಲು ಮುಚ್ಚಿದೆ. ಪಾಪ, ಒಬ್ಬನೇ ಕೂತು ಸಂಕಟಪಡುತ್ತಿದ್ದಾನೆ, ತಟ್ಟುವುದು ಬೇಡ ಎಂದುಕೊಂಡು ಇಳಿದುಹೋದಳು. ಆದರೂ ಮನಸ್ಸು ತಡೆಯದೆ ಫೋನು ಮಾಡಿದಳು. “ಬಂಧುಗಳೇ, ಭಾರವಾದ ಹೃದಯದಿಂದ...” ಎಂದು ಮೇಲಿನಿಂದ ಮತ್ತೆ ಕೇಳಿಸಿತು. ಫೋನು ಮಾಡಿದವರಿಗೆಲ್ಲ ಹೀಗೇ ಹೇಳುತ್ತಿದ್ದಾನೆ ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ವರ್ಕ್‌ಶಾಪಿನ ಗೇಟಿನ ವಾಚ್‌ಮನ್ನನಿಗೆ ವಿಷಯ ಮುಟ್ಟಿಸಿದಳು.

ವಾಚ್‌ಮನ್ ಸೂಪರಿಂಟೆಂಡೆಂಟರಿಗೆ ಹೇಳಿದ. ಅವರು ಜವಾಬ್ದಾರಿ ಇದ್ದವರು, ಬರೀ ಬಾಯಿಮಾತು ನಂಬುವವರಲ್ಲ. ಖಚಿತಪಡಿಸಿಕೊಳ್ಳಲು ಸ್ಟೋರಣ್ಣನಿಗೇ ಫೋನು ಮಾಡಿದರು. ಅವನು ಎತ್ತಲಿಲ್ಲ. ಎತ್ತಲಾರದಷ್ಟು ಓಡಾಟದಲ್ಲಿದ್ದಾನೆಂದರೆ ಸುದ್ದಿ ನಿಜವೇ ಎಂದು ಖಚಿತವಾಯಿತು. ಇತ್ತ ಆ ಕರೆಗೂ ಮೆಟ್ಟಿಲಿನಲ್ಲಿ ಭಾಷಣ ನಡೆದು, ಮೇಲಿನ ಮಹಡಿಯ ನಿವೃತ್ತ ಮೇಷ್ಟರು, ಅವರ ಸೊಸೆ, ಎದುರುಮನೆಯ ಡ್ರೈವರು ಎಲ್ಲರೂ ಹೊರಗೆ ಬಂದು ತಲೆ ತಗ್ಗಿಸಿ ನಿಂತರು. ಅತ್ತ ವರ್ಕ್‌ಶಾಪಿನಲ್ಲಿ ಯಂತ್ರಗಳು ನಿಂತವು. ಎರಡು ನಿಮಿಷ ಮೌನವಾಯಿತು. ಅರ್ಧ ದಿನ ರಜೆ ಸಿಕ್ಕಿತು. ಮೀಟರು ಒರೆಸುವ ಬಟ್ಟೆಯಲ್ಲೇ ಕೈ ಒರೆಸಿಕೊಂಡು ಎಲ್ಲರೂ ದೊಡ್ಡ ಹೂವಿನ ಚಕ್ರವೊಂದನ್ನು ಹೊತ್ತು ಆಸ್ಪತ್ರೆಗೆ ಹೊರಟರು.

ನುಣ್ಣನೆ ಕೆನ್ನೆ ಸವರಿಕೊಳ್ಳುತ್ತ ಸ್ಟೋರಣ್ಣ ಬಂದಾಗ ಮೆಟ್ಟಿಲ ತುಂಬ ಜನ.

“ಎಷ್ಟು ಚೆನ್ನಾಗಿ ಹೇಳಿದ್ರಿ ಅಣ್ಣ,” ಎಂದಳು ಟೈಲರಮ್ಮ. “ಹೊಲಿಗೆ ಅಲ್ಲೇ ನಿಲ್ಲಿಸಿಬಿಟ್ಟೆ.”

“ಏನು ಹೇಳಿದೆ ನಾನು?”

“ಅದೇ, ಫೋರ್‌ಮನ್ ಸಾಹೇಬ್ರು ಹೋಗಿಬಿಟ್ರಲ್ಲ.”

ಸ್ಟೋರಣ್ಣನ ಕೈ ಕೆನ್ನೆಯ ಮೇಲೇ ನಿಂತಿತು. “ಹೋಗಿಬಿಟ್ರಾ? ಯಾವಾಗ?”

“ಬೆಳಿಗ್ಗೆನೇ ಇರಬೇಕು. ವರ್ಕ್‌ಶಾಪು ಮುಚ್ಚಿ ಎಲ್ಲ ಆಸ್ಪತ್ರೆಗೆ ಹೋದ್ರಂತೆ.”

ಸ್ಟೋರಣ್ಣನ ಬಾಯಿಂದ ಹೊರಟ ಸುಳ್ಳನ್ನು ಮೊದಲು ನಂಬಿದವಳು ಟೈಲರಮ್ಮನಾದರೆ, ಪೂರ್ತಿ ನಂಬಿದವನು ಸ್ಟೋರಣ್ಣನೇ. ‘ಎಷ್ಟು ಚೆನ್ನಾಗಿ ಹೇಳಿದ್ರಿ’ ಎಂಬ ಮಾತು ಅವನ ಕಿವಿಯೊಳಗೆ ಹೋಗಿತ್ತು, ತಲೆಯೊಳಗೆ ಹೋಗಲಿಲ್ಲ. ಮೆಟ್ಟಿಲಿನಲ್ಲೇ ಕೂತು ನಿಜವಾಗಿಯೂ ಅತ್ತ. ಆಮೇಲೆ ಒಳಗೆ ಹೋಗಿ ಒಗೆದ ಅಂಗಿ ತೊಟ್ಟು, ಫೋನು ಜೇಬಿಗಿಳಿಸಿ, ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿತ್ತು. ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಆಸ್ಪತ್ರೆಯ ಮೂರನೆಯ ಮಹಡಿಯ ಕಾರಿಡಾರಿನಲ್ಲಿ ನೀಲಿ ಸಮವಸ್ತ್ರದವರು ಗೋಡೆಗೆ ಒರಗಿ ನಿಂತಿದ್ದರು. ಮುಂದೆ ಸೂಪರಿಂಟೆಂಡೆಂಟರು, ಅವರ ಪಕ್ಕದಲ್ಲಿ ಹೂವಿನ ಚಕ್ರ. ಒಳಗೆ ಹೋಗಲು ಯಾರಿಗೂ ಧೈರ್ಯವಿಲ್ಲ. ಸ್ಟೋರಣ್ಣ ಬಂದು ಸೂಪರಿಂಟೆಂಡೆಂಟರ ಕೈ ಹಿಡಿದುಕೊಂಡ. ಇಬ್ಬರೂ ತಲೆಯಾಡಿಸಿದರು.

ಆ ಹೊತ್ತಿಗೆ ಕಾರಿಡಾರಿನ ಆ ತುದಿಯಿಂದ ಫೋರ್‌ಮನ್ನರ ಹೆಂಡತಿ ಬಂದರು. ಕೆಳಗಿನ ಕ್ಯಾಂಟೀನಿನಿಂದ ಬಿಸಿನೀರು ತರಲು ಹೋಗಿದ್ದರು, ಕೈಯಲ್ಲಿ ಫ್ಲಾಸ್ಕು. ಮೊದಲು ಸಮವಸ್ತ್ರಗಳನ್ನು ಕಂಡರು. ಆಮೇಲೆ ಹೂವನ್ನು ಕಂಡರು. ನಡೆಯುತ್ತಿದ್ದವರು ನಿಂತು, ಫ್ಲಾಸ್ಕನ್ನು ಮೆಲ್ಲಗೆ ನೆಲದ ಮೇಲಿಟ್ಟು, ಅದರ ಪಕ್ಕದಲ್ಲಿ ತಾವೂ ಕೂತುಬಿಟ್ಟರು.

“ಈಗ ತಾನೆ ಕೆಳಗೆ ಹೋದೆ,” ಎಂದರು. “ಈಗ ತಾನೆ. ಬಿಸಿನೀರು ಬೇಕು ಅಂದ್ರು. ಹೋಗಬಾರದಿತ್ತು ನಾನು.”

“ಸಮಾಧಾನ ಮಾಡ್ಕೊಳ್ಳಿ ಅಮ್ಮ, ನಮ್ಮ ಕೈಲೇನಿದೆ,” ಎಂದರು ಸೂಪರಿಂಟೆಂಡೆಂಟರು.

ಆಕೆ ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದರು. ಇಬ್ಬರು ಕೆಲಸಗಾರರು ಅವರ ಭುಜ ಹಿಡಿದುಕೊಂಡು ತಾವೂ ಅತ್ತರು. ಅಷ್ಟರಲ್ಲಿ ವಾರ್ಡಿನ ಬಾಗಿಲು ತೆರೆದು ನರ್ಸ್ ಹೊರಗೆ ಇಣುಕಿದಳು.

“ಯಾರ್ರೀ ಇದು ಗಲಾಟೆ? ಒಳಗೆ ಪೇಶೆಂಟು ಬಿಸಿನೀರು ಎಲ್ಲಿ ಅಂತ ಕೇಳ್ತಿದಾರೆ.”

ಫೋರ್‌ಮನ್ನರ ಹೆಂಡತಿ ಹಣೆಯ ಮೇಲೆ ಕೈಯಿಟ್ಟುಕೊಂಡೇ ಒಬ್ಬೊಬ್ಬರ ಮುಖವನ್ನೂ ನೋಡಿದರು. ಹೂವಿನ ಚಕ್ರವನ್ನು ಹಿಡಿದಿದ್ದವನು ಅದನ್ನು ಬೆನ್ನ ಹಿಂದೆ ಬಚ್ಚಿಡಲು ಹೋದ. ಅದು ಅವನಿಗಿಂತ ಅಗಲವಾಗಿತ್ತು.

“ಯಾರು ಹೇಳಿದ್ದು?” ಎಂದು ಸೂಪರಿಂಟೆಂಡೆಂಟರು ಹಲ್ಲು ಕಚ್ಚಿ ಕೇಳಿದರು. ವಾಚ್‌ಮನ್ ಟೈಲರಮ್ಮನ ಹೆಸರು ಹೇಳಿದ. ಟೈಲರಮ್ಮನಿಗೆ ಸ್ಟೋರಣ್ಣ ಹೇಳಿದನೆಂದೂ ಸೇರಿಸಿದ.

“ನನಗೇ ಟೈಲರಮ್ಮ ಹೇಳಿದ್ದು ಸಾರ್,” ಎಂದ ಸ್ಟೋರಣ್ಣ. ಆಣೆಯಿಟ್ಟು ಹೇಳಬಹುದಾದಷ್ಟು ಸತ್ಯ ಅದು.

ಬಿಸ್ಕತ್ತು ಕಾರ್ಖಾನೆಯಲ್ಲಿ ಊಟಕ್ಕೆ ಬಿಟ್ಟಿದ್ದರು. ಬೆಳಿಗ್ಗೆ ಗಂಡ ಫೋನು ಎತ್ತಲಿಲ್ಲವಲ್ಲ ಎಂದು ಹೆಂಡತಿ ಮತ್ತೆ ಮಾಡಿದಳು. ಸ್ಟೋರಣ್ಣನ ಎದೆಯ ಮೇಲಿನ ಜೇಬಿನಿಂದ, ಬಾಗಿಲು ತೆರೆದಿದ್ದ ವಾರ್ಡಿನ ಕಡೆಗೆ ಮುಖ ಮಾಡಿ, ಆ ಗಂಟಲು ಶುರು ಮಾಡಿತು. ಬಂಧುಗಳೇ ಎಂದಿತು, ಭಾರವಾದ ಹೃದಯ ಎಂದಿತು, ಇನ್ನಿಲ್ಲ ಎಂದಿತು. ಅವನು ಫೋನು ತೆಗೆದ. ಅದು ಕೈಯಿಂದ ಜಾರಿ ಬೆಂಚಿನಡಿಗೆ ಹೋಯಿತು. ಬೆಂಚಿನಡಿಯಿಂದಲೂ ಅದು ‘ಇವರು ಉಳಿಯುವುದಿಲ್ಲ’ ಎಂದು ವೈದ್ಯರು ಹೇಳಿದ್ದನ್ನು ಸ್ಪಷ್ಟವಾಗಿ ಸಾರಿತು. ಕೊನೆಗೆ ನರ್ಸ್ ಕಾಲಿನಿಂದ ಎಳೆದು, ಎತ್ತಿ, ಬಾಯಿ ಮುಚ್ಚಿಸಿದಳು.

ಒಳಗಿನಿಂದ ಫೋರ್‌ಮನ್ನರ ಸ್ವರ ಬಂತು. ವರ್ಕ್‌ಶಾಪನ್ನೇ ನಡುಗಿಸುತ್ತಿದ್ದ ಸ್ವರ ಈಗ ಹಳೆಯ ಪಂಪಿನ ಹಾಗೆ ಗಾಳಿ ಎಳೆಯುತ್ತಿತ್ತು.

“ಸ್ಟೋರು... ಒಳಗೆ ಬಾ.”

ಸ್ಟೋರಣ್ಣ ಹೋದ. ಅವನ ಹಿಂದೆ ಸೂಪರಿಂಟೆಂಡೆಂಟರು, ಅವರ ಹಿಂದೆ ಫೋರ್‌ಮನ್ನರ ಹೆಂಡತಿ. ಫೋರ್‌ಮನ್ ದಿಂಬಿಗೊರಗಿ ಕೂತಿದ್ದರು. ಮೂಗಿನಲ್ಲಿ ನಳಿಕೆ, ತುಟಿ ನೀಲಿ.

“ಇನ್ನೊಂದು ಸಲ ಹಾಕು ಅದನ್ನ.”

“ಸಾರ್, ಅದು ಪಿಟೀಲು ಸಾರ್. ಪಿಟೀಲು ಹಾಕೋಕೆ ಹೋಗಿ...”

“ಹಾಕು.”

ಹಾಕಿದ. ಫೋರ್‌ಮನ್ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕೆಲಸಗಾರರನ್ನು ಮಕ್ಕಳಂತೆ ಕಂಡರು ಎಂಬಲ್ಲಿ ಮಾತ್ರ ಒಮ್ಮೆ ಕಣ್ಣು ತೆರೆದು, ಇದು ಯಾರ ವಿಷಯ ಎಂಬ ಹಾಗೆ ಸ್ಟೋರಣ್ಣನನ್ನು ನೋಡಿದರು. ಮುಗಿದ ಮೇಲೆ ಸೂಪರಿಂಟೆಂಡೆಂಟರ ಕಡೆಗೆ ತಿರುಗಿದರು.

“ನಿನ್ನೆ ನೀವು ಬಂದಿದ್ರಿ. ಹೊಸ ಲೇತು ಮಷೀನು ಬಂದಿದೆ, ನಿಮಗಾಗೇ ಕಾಯ್ತಿದೀವಿ ಅಂದ್ರಿ.”

ಸೂಪರಿಂಟೆಂಡೆಂಟರು ಗ್ಲೂಕೋಸಿನ ಬಾಟಲಿಯನ್ನು ಓದತೊಡಗಿದರು.

“ನೀನು,” ಎಂದು ಹೆಂಡತಿಯನ್ನು ಕೇಳಿದರು, “ಗುರುವಾರ ಮನೆಗೆ ಕಳಿಸ್ತಾರೆ ಅಂದೆ.”

ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತರು. ಅದು ತೆರೆಯಲಿಲ್ಲ, ಅವರು ಬಿಡಲೂ ಇಲ್ಲ.

“ಸ್ಟೋರು, ನೀನು ಹೇಳು. ಎಷ್ಟು ದಿನ ಅಂದ್ರು?”

ಆ ಕೋಣೆಯಲ್ಲಿದ್ದವರೆಲ್ಲ ಕಣ್ಣಿನಲ್ಲೇ ಸ್ಟೋರಣ್ಣನಿಗೆ ಬೇಡ ಎಂದರು. ಕಣ್ಸನ್ನೆ ತಿಳಿಯುವಷ್ಟು ಚುರುಕಾಗಿದ್ದರೆ ಅವನು ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.

“ಎರಡು ಮೂರು ದಿನ ಅಂದಿದ್ರು ಸಾರ್. ಅದು ಹೋದ ವಾರ. ಆ ಲೆಕ್ಕಕ್ಕೆ ನೀವು ಈಗ ಇರಬಾರದು.”

ಫೋರ್‌ಮನ್ನರ ಎದೆ ಒಂದು ಥರ ಕುಲುಕಿತು. ಕೆಮ್ಮು ಎಂದುಕೊಂಡು ನರ್ಸ್ ಓಡಿಬಂದಳು. ಅದು ನಗು. ನಗು ನಿಂತ ಮೇಲೆ ಅವರು ದಿಂಬಿನಿಂದ ಬೆನ್ನೆತ್ತಿ ಕೂತರು. ಆಮೇಲೆ, “ಹಾಗಾದ್ರೆ ಇಲ್ಲಿ ಯಾಕಿದೀನಿ ನಾನು? ಮನೆಗೆ ಕರ್ಕೊಂಡು ಹೋಗಿ,” ಎಂದರು.

ಸಂಸ್ಕಾರಕ್ಕೆಂದು ಬಂದವರೇ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮೂರು ಮಹಡಿ ಹೊತ್ತಿಳಿಸಿ, ಮನೆ ಸೇರಿಸಿದರು. ಹೂವಿನ ಚಕ್ರ ಆಸ್ಪತ್ರೆಯ ಸ್ವಾಗತದ ಮೇಜಿನ ಮುಂದೆ ಶೋಭೆಗೆ ನಿಂತಿತು.

ಸ್ಟೋರಣ್ಣನಿಗೆ ಆಮೇಲೆ ನೆಮ್ಮದಿ ಎಂಬುದಿಲ್ಲ. ಸಾಯದ ಮನುಷ್ಯನಿಗೆ ಕೊಟ್ಟ ಅರ್ಧ ದಿನದ ರಜೆಗೆ ಮೇಲಿನ ಆಫೀಸು ಒಪ್ಪಲಿಲ್ಲ. ಎಲ್ಲರೂ ಒಂದು ಭಾನುವಾರ ಬಂದು ದುಡಿದು ತೀರಿಸಬೇಕಾಯಿತು. ದುಡಿದವರೆಲ್ಲ ಅವನಿಗೆ ‘ಇನ್ನಿಲ್ಲ’ ಎಂದು ಹೆಸರಿಟ್ಟರು. “ಇನ್ನಿಲ್ಲ, ಎರಡು ವಾಷರ್ ಕೊಡು,” ಎಂದು ಕಿಟಕಿಯಲ್ಲಿ ಕೈ ಚಾಚುತ್ತಿದ್ದರು. ಭಾಷಣ ಮಾಡು ಎಂದು ತಾವು ಹೇಳಿದ್ದೇ ಇಲ್ಲವೆಂದು ಸೂಪರಿಂಟೆಂಡೆಂಟರು ಕೈ ತೊಳೆದುಕೊಂಡರು. ಮನೆಯಲ್ಲಿ ಹೆಂಡತಿ, “ರೀ, ಇನ್ಮೇಲೆ ಆ ಫೋನು ಮೂಕ ಆಗಿರ್ಲಿ. ನಿಮಗೂ ಅದಕ್ಕೂ ಇಬ್ಬರಿಗೂ ಒಳ್ಳೇದು,” ಎಂದಳು. ಭಾವಮೈದುನ ಬಂದು ಶಬ್ದ ತೆಗೆದು ಅದನ್ನು ಬರೀ ನಡುಗುವ ಹಾಗೆ ಮಾಡಿಕೊಟ್ಟ.

ಅವನನ್ನು ಬಯ್ಯದಿದ್ದವರು ಫೋರ್‌ಮನ್ ಒಬ್ಬರೇ. ದಿನಾ ಪಾಳಿಗೆ ಮುಂಚೆ ಬಂದು ಹೋಗು ಎಂದು ಹೇಳಿಕಳಿಸಿದರು. ಸ್ಟೋರಣ್ಣ ಹೋಗುತ್ತಿದ್ದ. ಬಾಗಿಲು ತೆರೆಯುತ್ತಿದ್ದ ಅವರ ಹೆಂಡತಿ ಅವನೊಂದಿಗೆ ಒಂದು ಮಾತೂ ಆಡುತ್ತಿರಲಿಲ್ಲ. ಅವರ ಹಣೆಯ ಮೇಲಿನ ಊತ ಇಳಿದು ಹಳದಿಯಾಗಿತ್ತು.

“ಇವತ್ತು ಹೇಗೆ ಕಾಣ್ತೀನಿ?” ಎಂದು ಫೋರ್‌ಮನ್ ಕೇಳುತ್ತಿದ್ದರು.

“ನಿನ್ನೆಗಿಂತ ಕಡಿಮೆ ಸಾರ್. ಕಣ್ಣು ಒಳಗೆ ಹೋಗಿದೆ.”

“ವರ್ಕ್‌ಶಾಪಿನಲ್ಲಿ ಏನಂತಾರೆ?”

“ನೀವಿಲ್ಲದೆ ಆರಾಮಾಗಿದೆ ಅಂತಾರೆ ಸಾರ್.”

“ಲೇತು ಬಂತಾ?”

“ಯಾವ ಲೇತೂ ಬಂದಿಲ್ಲ ಸಾರ್. ಅದು ಸುಮ್ಮನೆ ಹೇಳಿದ್ದು.”

ಫೋರ್‌ಮನ್ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರು. ಉಳಿದವರೆಲ್ಲ ಅವರ ಮುಂದೆ ಕಾಲ ತುದಿಯಲ್ಲಿ ಓಡಾಡುತ್ತ ಬಣ್ಣದ ಮಾತು ಆಡುತ್ತಿದ್ದರು. ಆ ಮನೆಯಲ್ಲಿ ಸುಳ್ಳು ಹೇಳಲು ಬಾರದ ಮನುಷ್ಯ ಇವನೊಬ್ಬನೇ. ಒಂದು ದಿನ ಸ್ಟೋರಣ್ಣ ಪಾಳಿಗೆ ಹೊತ್ತಾಯಿತೆಂದು ಎದ್ದಾಗ ಅವರು ಅವನ ಅಂಗಿಯ ತೋಳು ಹಿಡಿದುಕೊಂಡರು. ಬಿಡಲಿಲ್ಲ. ಅವನು ಮತ್ತೆ ಕೂತ. ಆ ದಿನ ಸ್ಟೋರಿನ ಕಿಟಕಿ ತಡವಾಗಿ ತೆರೆಯಿತು, ಅದಕ್ಕೂ ಬೈಸಿಕೊಂಡ.

ಮಾರನೆಯ ದಿನ ಅವನು ಸ್ಟೋರಿನಲ್ಲಿದ್ದಾಗ ಜೇಬು ನಡುಗಿತು. ಫೋರ್‌ಮನ್ನರ ಹೆಂಡತಿ. ಆ ಕಡೆಯಿಂದ ಮಾತಿಲ್ಲ, ಉಸಿರಿನ ಸದ್ದು ಮಾತ್ರ. ಅವನಿಗೆ ತಿಳಿಯಿತು. “ಬರ್ತೀನಿ ಅಮ್ಮ,” ಎಂದ.

ಯಂತ್ರಗಳ ನಡುವೆ ನಿಂತು ಹೇಳಿದ. “ಫೋರ್‌ಮನ್ ಸಾಹೇಬರು ತೀರಿಕೊಂಡರು.”

ಒಂದು ಯಂತ್ರವೂ ನಿಲ್ಲಲಿಲ್ಲ. “ಇದು ಯಾವ ಫೈಲು?” ಎಂದನೊಬ್ಬ. “ಇನ್ನೊಂದು ಭಾನುವಾರ ದುಡಿಸಬೇಡ ಮಾರಾಯ,” ಎಂದ ಇನ್ನೊಬ್ಬ. ಸೂಪರಿಂಟೆಂಡೆಂಟರು ಕೋಣೆಯಿಂದಲೇ ಕೈಬೀಸಿ, ಕೆಲಸ ನೋಡು ಹೋಗು ಎಂದರು. ಈ ಸಲ ಸರಿಯಾಗಿ ವಿಚಾರಿಸಿಕೊಂಡೇ ಹೆಜ್ಜೆಯಿಡುವುದೆಂದು ಅವರು ನಿಶ್ಚಯಿಸಿದ್ದರು.

ಸ್ಟೋರಣ್ಣ ಒಬ್ಬನೇ ಹೋದ. ಮಹಡಿಯ ಮೇಲಿನ ಮನೆಯ ಬಾಗಿಲು ತೆರೆದಿತ್ತು. ಮಂಚದ ಮೇಲೆ ಫೋರ್‌ಮನ್, ಪಕ್ಕದ ಬೆಂಚಿನ ಮೇಲೆ ಅವರ ಹೆಂಡತಿ. ಬೇರೆ ಯಾರೂ ಇರಲಿಲ್ಲ.

“ಯಾರೂ ಬರಲಿಲ್ವಾ?” ಎಂದರು ಅವರು. ಅವನೊಂದಿಗೆ ಆಡಿದ ಮೊದಲ ಮಾತು ಅದು.

“ನಂಬಲಿಲ್ಲ ಅಮ್ಮ.”

ಅವರು ಗಂಡನ ಹೊದಿಕೆ ಸರಿಮಾಡಿ, “ಏನೋ ತಯಾರು ಮಾಡಿದ್ರಲ್ಲ. ಹೇಳಿ. ನಾನೊಬ್ಬಳೇ ಕೇಳ್ತೀನಿ,” ಎಂದರು.

ಸ್ಟೋರಣ್ಣ ಮಂಚದ ಕಾಲ ಬಳಿ ನಿಂತು ಗಂಟಲು ಸರಿಮಾಡಿಕೊಂಡ. ಬಂಧುಗಳೇ ಎನ್ನಲು ಬಾಯಿ ತೆರೆದ. ಬರಲಿಲ್ಲ. ಅಷ್ಟು ಸಲ ಹೇಳಿದ ಮಾತಿನಲ್ಲಿ ಒಂದೂ ಬರಲಿಲ್ಲ. ಮಂಚದ ಮೇಲಿದ್ದ ಮನುಷ್ಯನಿಗೆ ಅವು ಯಾವುವೂ ಒಪ್ಪುತ್ತಿರಲಿಲ್ಲ.

“ಇವರಿಗೆ ಹೋಗೋಕೆ ಇಷ್ಟ ಇರಲಿಲ್ಲ ಅಮ್ಮ,” ಎಂದ. “ಹೆದರಿಕೆ ಇತ್ತು.”

“ನನ್ನ ಹತ್ರ ಹೆದರಿಕೆ ಇಲ್ಲ ಅಂದಿದ್ರು.”

“ನನ್ನ ಹತ್ರಾನೂ ಹಾಗೇ ಅಂದ್ರು. ಆದ್ರೆ ನಿನ್ನೆ ನನ್ನ ತೋಳು ಹಿಡ್ಕೊಂಡೋರು ಬಿಡಲೇ ಇಲ್ಲ.”

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತ ಹಾಗೆ ಅಳಲಿಲ್ಲ. ಸದ್ದಿಲ್ಲದೆ, ಮುಗಿಯುವವರೆಗೂ ಅತ್ತರು. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಸ್ಟೋರಣ್ಣ ಕೂತ.

ಬಹಳ ಹೊತ್ತಿನ ಮೇಲೆ ಕೆಳಗೆ ಮೆಟ್ಟಿಲಿನಲ್ಲಿ ಅನುಮಾನದ ಹೆಜ್ಜೆಗಳು ಕೇಳಿಸಿದವು. ನಾಲ್ಕು ಹತ್ತಿ ನಿಲ್ಲುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ಅರ್ಧದಾರಿಯಿಂದ ಒಬ್ಬ ತಗ್ಗಿದ ದನಿಯಲ್ಲಿ ಕೇಳಿದ.

“ಸ್ಟೋರಣ್ಣ, ನಿಜಾನಾ?”

ಸ್ಟೋರಣ್ಣ ಬಾಯಿ ತೆರೆಯುವ ಮೊದಲೇ ಫೋರ್‌ಮನ್ನರ ಹೆಂಡತಿ ಅವನ ಮೊಣಕೈ ಮುಟ್ಟಿ ತಡೆದರು. ಎದ್ದು ಬಾಗಿಲಿಗೆ ಹೋದರು.

“ನಿಜ,” ಎಂದರು. “ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ.”